ಉಡದಾರಕ್ಕೆ ಕಟ್ಟಿದ್ದು

ಹೋದ ವರ್ಷದ ತೊಗರಿ ಸುಗ್ಗಿಯಲ್ಲಿ, ಕನ್ನೊಳ್ಳಿ ದಾರಿಯ ಕಣವೊಂದರಲ್ಲಿ, ಎಪ್ಪತ್ತೆರಡು ವರ್ಷದ ಅಮಸಿದ್ದನನ್ನು ಕಳ್ಳನೆಂದು ಬೇವಿನ ಮರಕ್ಕೆ ಕಟ್ಟಿ ಹೊಡೆದರು.

ಅವನು ಕದಿಯಲು ಹೋಗಿರಲಿಲ್ಲ, ಕಾಯಲು ಹೋಗಿದ್ದ. ನಲವತ್ತು ವರ್ಷ ಕಂಡವರ ರಾಶಿ ಕಾದವನು. ಮರೆವಿನ ರೋಗ ಮಗಳ ಹೆಸರನ್ನು ಅಳಿಸಿತ್ತು, ಆ ಕೆಲಸವನ್ನು ಅಳಿಸಿರಲಿಲ್ಲ. ಎಲ್ಲಿ ರಾಶಿ ಕಂಡರೂ ಪಕ್ಕದಲ್ಲಿ ಕೂತುಬಿಡುತ್ತಿದ್ದ.

ಮಗಳು ಸುವರ್ಣಾ ದೇವರ ಹಿಪ್ಪರಗಿಯಲ್ಲಿ ಆಶಾ ಕಾರ್ಯಕರ್ತೆ. ಆ ಹೊಡೆತ ಆದಮೇಲೆ, ಅಪ್ಪ ಇರುವ ಜಾಗವನ್ನು ಮೊಬೈಲಿನಲ್ಲಿ ತೋರಿಸುವ ಪುಟ್ಟ ಯಂತ್ರವೊಂದನ್ನು ತರಿಸಿದಳು. ಕೈಗೆ ಕಟ್ಟಿದರೆ ಕಿತ್ತೆಸೆದ. ಕೊರಳಿಗೆ ಹಾಕಿದರೆ ಒಯ್ದು ಎಮ್ಮೆಯ ಕೊರಳಿಗೆ ಹಾಕಿದ. ಅವತ್ತು ಮಧ್ಯಾಹ್ನವೆಲ್ಲ ಅವಳು ಮೊಬೈಲು ನೋಡುತ್ತ, ಅಪ್ಪನೆಂದುಕೊಂಡು ಎಮ್ಮೆಯ ಹಿಂದೆ ತಿರುಗಿದಳು. ನೆರೆಮನೆಯ ಮರೆವ್ವ ಬಿದ್ದು ಬಿದ್ದು ನಕ್ಕಳು.

"ಗಂಡಸು ಸಾಯೂತನಾ ಬಿಚ್ಚದ್ದು ಒಂದ ಐತಿ ನೋಡವಾ. ಉಡದಾರ."

ಬಟ್ಟೆಯ ಚೀಲದಲ್ಲಿಟ್ಟು ಹೊಲಿದು ಸೊಂಟದ ಉಡದಾರಕ್ಕೆ ಕಟ್ಟಿದರು. ಅದು ಉಳಿಯಿತು.

ಈ ಸುಗ್ಗಿಯ ಒಂದು ಮಂಗಳವಾರ ಅಪ್ಪ ಮನೆಯಲ್ಲಿರಲಿಲ್ಲ. ಮೊಬೈಲಿನ ಚುಕ್ಕೆ ಬಸ್ಸಿನ ವೇಗದಲ್ಲಿ ಓಡಿ, ಆಮೇಲೆ ನಡಿಗೆಯ ವೇಗದಲ್ಲಿ ಸಾಗಿ, ಅದೇ ಕಣದಲ್ಲಿ ನಿಂತಿತು. ಮತ್ತೆ ಅಲುಗಲಿಲ್ಲ. ಮನುಷ್ಯ ಕೂತಿದ್ದರೂ ಚುಕ್ಕೆ ಅಲುಗದು, ಕಟ್ಟಿಹಾಕಿದ್ದರೂ ಅಲುಗದು. ಸುವರ್ಣಾ ಕನ್ನೊಳ್ಳಿಯ ಆಶಾ ಕಾರ್ಯಕರ್ತೆ ವಿಜಯಶ್ರೀಗೆ ಫೋನು ಹಚ್ಚಿ ಕಣಕ್ಕೆ ಓಡು ಎಂದಳು. ತಾನು ತಮ್ಮ ಸುಭಾಸನ ಬೈಕು ಹತ್ತಿದಳು. ಅರ್ಧ ದಾರಿಯಲ್ಲಿ ಫೋನು ಬಂತು.

"ಅಕ್ಕಾ, ನಿಮ್ಮಪ್ಪಾರು ಆಡು ಓಡಸಾಕತ್ತಾರ. ನನ್ನೂ ರಾಶಿ ಸನೇಕ ಬಿಡವಲ್ರು."

ಸುವರ್ಣಾ ತಮ್ಮನ ಬೆನ್ನಿಗೆ ಹಣೆ ಹಚ್ಚಿ ನಕ್ಕಳು. ಇನ್ನು ಮೆಲ್ಲಗೆ ಹೊಡಿ ಎಂದಳು.

ಕಣದಲ್ಲಿ ಅಪ್ಪ ಕೋಲು ಹಿಡಿದು ಕೂತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ವಿಜಯಶ್ರೀ ಕೊಟ್ಟ ರೊಟ್ಟಿಯನ್ನು ಎಡಗೈಯಲ್ಲಿ ಮುರಿಯುತ್ತಿದ್ದ. ಕೋಲು ಬಿಡುವ ಮನಸ್ಸಿರಲಿಲ್ಲ.

ಕಣದ ಒಡೆಯ ಗುರುನಾಥ, ಹೋದ ವರ್ಷ ಹಗ್ಗ ತಂದವನು, ಈಗ ಬಿಳಿ ಹಾಳೆ ತಂದ. ಮುದುಕನನ್ನು ಇನ್ನು ಮನೆಯಲ್ಲೇ ಕೂಡಿಹಾಕುತ್ತೇವೆ ಎಂದು ಮುಚ್ಚಳಿಕೆ ಬರೆದು ಸಹಿ ಮಾಡಬೇಕಂತೆ. ಎಲ್ಲ ಮುದುಕನ ಒಳ್ಳೆಯದಕ್ಕೇ ಅಂತೆ. ಮತ್ತೆ ಯಾರಾದರೂ ಹೊಡೆದರೆ ತನ್ನನ್ನು ಕೇಳಬಾರದಂತೆ.

ಸುವರ್ಣಾ ಹಾಳೆ ಮುಟ್ಟಲಿಲ್ಲ.

"ಮುಚ್ಚಳಿಕಿ ಹೊಡದವ್ರು ಬರಿಬೇಕ್ರಿ," ಎಂದಳು. "ನಾ ಬರಿಯಂಗಿಲ್ಲ."