ಎಡಗೈ ಹುಡುಕಿದರೆ ಮಣಿಕಟ್ಟು

ಹೆಡ್‌ಮಿಸ್ ಬೆಳಿಗ್ಗೆ ಕಂಪ್ಯೂಟರ್ ತೆರೆದವರೇ ಪರದೆಯ ಹತ್ತಿರ ಬಗ್ಗಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಬಗ್ಗಿದರು. ನಿನ್ನೆ ಸಂಜೆ ಒಪ್ಪವಾಗಿ ಜೋಡಿಸಿಟ್ಟಿದ್ದ ಉಲ್ಲೇಖಗಳಲ್ಲಿ ಅರ್ಧಕ್ಕರ್ಧ ಮಾಯ. ಅವುಗಳ ಜಾಗದಲ್ಲಿ ಕರೆಯದೆ ಬಂದ ನೆಂಟರ ಹಾಗೆ ಬೇರೆ ಯಾವುದೋ ಲೇಖನಗಳು ಕಾಲು ಚಾಚಿಕೊಂಡು ಕೂತಿದ್ದವು. ಮುರಿದ ಮಣಿಕಟ್ಟಿಗೆ ವ್ಯಾಯಾಮ. ಪ್ಲಾಸ್ಟರ್ ತೆಗೆದ ಮೇಲೆ ಬೆರಳುಗಳ ಬಿಗಿತ. ಹೆಬ್ಬೆರಳ ಕೀಲಿನ ಬಗ್ಗೆ ಒಂದು, ಅದಕ್ಕೆ ಅಂಟಿಕೊಂಡು ಇನ್ನೊಂದು.

"ನಿಮ್ಮನ್ನ ಕರೆದೋರು ಯಾರು?" ಎಂದು ಅವರು ಪರದೆಗೆ ಗದರಿದರು.

ಹೆಡ್‌ಮಿಸ್ ಈಗ ಯಾವ ಶಾಲೆಗೂ ಹೆಡ್‌ಮಿಸ್ ಅಲ್ಲ. ನಿವೃತ್ತರಾಗಿ ವರ್ಷಗಳೇ ಆದವು. ಆದರೂ ಮೆಟ್ಟಿಲಲ್ಲಿ ಎದುರಾಗುವ ನೆರೆಯವರಿಂದ ಹಿಡಿದು ಔಷಧಿ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿದೆ. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಎಡಗೈಯಲ್ಲಿ ಬರೆಯುವ ಮಕ್ಕಳ ಅಂಗೈ ಅಂಚಿಗೆಲ್ಲ ಶಾಯಿ ಮೆತ್ತಿಕೊಂಡಿರುವುದನ್ನು ತರಗತಿಯಲ್ಲಿ ಬಹಳ ಕಾಲ ನೋಡಿದವರು, ಆ ಮಕ್ಕಳ ಕೈಬರಹದ ಮೇಲೆಯೇ ಪಿಎಚ್.ಡಿ. ಮಾಡುತ್ತೇನೆಂದು ಹೊರಟರು. ಮಗ ನಕ್ಕ. ಅವನು ನಕ್ಕಿದ್ದೇ ಅವರಿಗೆ ಹಟ ಹಿಡಿಸಿತು.

ಈಗ ಪ್ರಬಂಧ ಪೂರ್ತಿ ಬರೆದಾಗಿದೆ. ಇವತ್ತು ಸಂಜೆ ಐದರೊಳಗೆ ಅದನ್ನು ವಿಶ್ವವಿದ್ಯಾಲಯದ ತಾಣಕ್ಕೆ ಏರಿಸಬೇಕು. ಎರಡು ಸಲ ಅವಧಿ ವಿಸ್ತರಣೆ ಪಡೆದಾಗಿತ್ತು. "ಇನ್ನು ಮೇಲೆ ನನ್ನ ಕೈಲಿಲ್ಲ ಮೇಡಂ," ಎಂದು ಗೈಡ್ ಸ್ಪಷ್ಟವಾಗಿ ಹೇಳಿದ್ದರು. "ಇವತ್ತು ತಪ್ಪಿದ್ರೆ ನೋಂದಣಿನೇ ರದ್ದು. ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ."

ಉಳಿದಿದ್ದು ಉಲ್ಲೇಖಗಳದ್ದೊಂದೇ ಕೆಲಸ. ಪ್ರಬಂಧದಲ್ಲಿ 'ಇಂಥವರು ಹೀಗೆ ಹೇಳಿದ್ದಾರೆ' ಎಂದು ಬರೆದಾಗಲೆಲ್ಲ ಅವರು ಯಾರು, ಎಲ್ಲಿ, ಯಾವ ವರ್ಷ ಹೇಳಿದರು ಎಂಬುದಕ್ಕೆ ಜವಾಬು ಕೊಡಬೇಕಲ್ಲ, ಅದಕ್ಕೊಂದು ಸಾಫ್ಟ್‌ವೇರ್. ಗ್ರಂಥಾಲಯದ ಡೇಟಾಬೇಸಿನಲ್ಲಿ ಲೇಖನ ಹುಡುಕು, ಪಕ್ಕದ ಚೌಕಕ್ಕೆ ಗುರುತು ಹಾಕು, ಎಕ್ಸ್‌ಪೋರ್ಟ್ ಒತ್ತು, ಬಂದ ಫೈಲನ್ನು ಉಳಿಸು, ಸಾಫ್ಟ್‌ವೇರಿಗೆ ಹೋಗು, ಇಂಪೋರ್ಟ್ ಒತ್ತು. ಹೆಡ್‌ಮಿಸ್ ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಪಾತ್ರೆ ತೊಳೆಯುವಾಗಲೂ ತುಟಿ ಅಲ್ಲಾಡುತ್ತಿತ್ತು. ಲೇಖನದ ವಿವರ ಸಾಫ್ಟ್‌ವೇರಿನೊಳಗೆ ಇದ್ದರೆ ಪ್ರಬಂಧದ ಕೊನೆಯ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಇಲ್ಲದಿದ್ದರೆ ಆ ಜಾಗದಲ್ಲಿ 'ಉಲ್ಲೇಖ ಸಿಗಲಿಲ್ಲ' ಎಂಬ ಕೆಂಪಕ್ಷರ. ಈಗ ಅವರ ಪ್ರಬಂಧ ಜ್ವರ ಬಂದು ಗುಳ್ಳೆ ಎದ್ದ ಮೈಯ ಹಾಗೆ ಕೆಂಪುಕೆಂಪಾಗಿತ್ತು.

ಇದು ಇವತ್ತಿನದಲ್ಲ, ಕೆಲವು ವಾರಗಳಿಂದ ನಡೆದೇ ಇತ್ತು. ಬೇಡದ್ದು ಬರುವುದಕ್ಕೆ ಅವರು ಡೇಟಾಬೇಸನ್ನು ಬೈದರು. ಎಡಗೈ ಎಂದು ಹುಡುಕಿದರೆ ಅದು ಮೂಳೆ ವೈದ್ಯರ ಕೈಯನ್ನೂ ಎಳೆದು ತರುತ್ತದೆ, ಬುದ್ಧಿಯಿಲ್ಲದ ಯಂತ್ರ. ಗೈಡ್ ಕೂಡ "ಕಸ ಬರುತ್ತೆ ಮೇಡಂ, ಅಳಿಸ್ಬಿಡಿ" ಎಂದಿದ್ದರು. ದಿನಾ ಬೆಳಿಗ್ಗೆ ಅಂಗಳ ಗುಡಿಸಿದ ಹಾಗೆ ಅಳಿಸುತ್ತಿದ್ದರು. ಆದರೆ ತಮ್ಮದು ಮಾಯವಾಗುವುದಕ್ಕೆ ಯಾರನ್ನು ಬೈಯುವುದು? ಎಲ್ಲೋ ನಾನೇ ಒಂದು ಹೆಜ್ಜೆ ಮರೆತಿದ್ದೇನೆ, ವಯಸ್ಸಾಯಿತು, ಎಂದು ಅಂದುಕೊಂಡು ಯಾರಿಗೂ ಹೇಳದೆ ಮೊದಲಿಂದ ಇಂಪೋರ್ಟ್ ಮಾಡುತ್ತಿದ್ದರು. ಊರಿನ ಮಕ್ಕಳಿಗೆಲ್ಲ ಕಿವಿ ಹಿಂಡಿ ಕಲಿಸಿದವರು 'ನನಗೆ ಗೊತ್ತಾಗುತ್ತಿಲ್ಲ' ಎಂದು ಹೇಳುವುದು ಹೇಗೆ?

ಅಡುಗೆಮನೆಯಲ್ಲಿ ಸೊಸೆ ಚಹಾ ಸೋಸುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಇಷ್ಟು ಹೊತ್ತಿಗೆ ಬಸ್ಸಿನಲ್ಲಿ ಇರಬೇಕಾದವಳು ಇವತ್ತು ಮನೆಯಲ್ಲಿದ್ದಳು. ಕಣ್ಣು ಕೆಂಪಗಿತ್ತು.

"ಯಾಕಮ್ಮಾ, ಹೋಗ್ಲಿಲ್ವಾ?"

"ನೆಗಡಿ ಅತ್ತೆ. ರಜೆ ಹಾಕ್ದೆ." ಅವಳು ಮುಖ ತಿರುಗಿಸಿಕೊಂಡೇ ಲೋಟ ಕೊಟ್ಟಳು. "ನಿಮ್ದು ಇವತ್ತೇ ಅಲ್ವಾ ಕೊಡೋದು? ಎಲ್ಲಾ ಆಯ್ತಾ?"

"ಓ, ಆದ ಹಾಗೇನೇ. ಒಂದೆರಡು ಚಿಲ್ಲರೆ ಕೆಲಸ."

"ಏನಾದ್ರೂ ನೋಡ್ಬೇಕಾ ನಾನು?"

"ನೀನು ಮಲಗು ಹೋಗು. ಮಂಡಿ ನೋಡೋಳು ಇದನ್ನ ಏನ್ ನೋಡ್ತೀಯ?"

ಸೊಸೆಯ ಕೆಲಸವೆಂದರೆ ಮಂಡಿ ಎಂದೇ ಅವರ ತಲೆಯಲ್ಲಿ ಕೂತಿತ್ತು. ಊಟದ ಹೊತ್ತಿಗೆ ಅವಳು ಹೇಳುತ್ತಿದ್ದದ್ದೂ ಮಂಡಿ ನೋವಿನವರ ಕಥೆಗಳನ್ನೇ. ಸೊಸೆ ತನ್ನ ಲೋಟ ಹಿಡಿದು ಕೋಣೆಗೆ ಹೋದಳು. ಇಬ್ಬರ ಕೋಣೆಗಳ ನಡುವೆ ಇರುವುದು ಒಂದೇ ತೆಳು ಗೋಡೆ. ಆಚೆ ಕುರ್ಚಿ ಎಳೆದರೆ ಈಚೆ ಮೇಜು ನಡುಗುತ್ತದೆ.

ಹೆಡ್‌ಮಿಸ್ ಮಗನಿಗೆ ಫೋನ್ ಮಾಡಿದರು. ಸಾಫ್ಟ್‌ವೇರ್ ಹಾಕಿಕೊಟ್ಟವನು ಅವನೇ. ಆದರೆ ಅವನದು ಲಿಫ್ಟ್ ರಿಪೇರಿ ಕೆಲಸ. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದ ಅಂದರೆ ಭೂಮಿಯ ಮೇಲೆ ಇಲ್ಲದ ಹಾಗೇ. ಇನ್ನೊಮ್ಮೆ ಮಾಡಿದರು. ಮತ್ತೊಮ್ಮೆ. 'ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಎಂದು ಹೇಳುವ ಹೆಂಗಸಿನ ದನಿಯೇ ಈಗ ಮನೆಯವಳ ಹಾಗೆ ಪರಿಚಯವಾಯಿತು.

"ಸರಿ, ನಾನೇ ಗತಿ," ಎಂದು ಕೂತರು. ಹುಡುಕು, ಗುರುತು, ಎಕ್ಸ್‌ಪೋರ್ಟ್, ಉಳಿಸು, ಇಂಪೋರ್ಟ್. ಲೇಖನಗಳು ಸಾಲಾಗಿ ಒಳಗೆ ಬಂದವು. ಪ್ರಬಂಧ ತೆರೆದು ನೋಡಿದರೆ ಕೆಂಪು ಅಷ್ಟಷ್ಟೇ ಅಳಿಯುತ್ತಿತ್ತು. ಉಸಿರು ಬಿಟ್ಟು, ಆರಿದ ಚಹಾ ಒಂದು ಗುಟುಕು ಕುಡಿದು ತಲೆ ಎತ್ತಿದರೆ, ಅವರು ನೋಡುತ್ತಿದ್ದ ಹಾಗೇ ಒಂದು ಲೇಖನ ಕಣ್ಣೆದುರೇ ಹೋಯಿತು. ಎರಡನೇ ತರಗತಿಯ ಮಕ್ಕಳು ಪೆನ್ಸಿಲ್ ಹಿಡಿಯುವ ಬಗೆಯ ಕುರಿತಾದದ್ದು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಅಕ್ಷರಗಳ ಓರೆ.

ಹೆಡ್‌ಮಿಸ್ ಇಲಿಯನ್ನು ಕಂಡವರ ಹಾಗೆ ಮೌಸಿನಿಂದ ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡರು. ನಾನು ಮುಟ್ಟಿಲ್ಲ. ಇದಂತೂ ನನ್ನ ತಪ್ಪಲ್ಲ. ಮತ್ತೆ ಯಾರದ್ದು? ಸಮಾಧಾನವಾಗಬೇಕಿತ್ತು, ಆಗಲಿಲ್ಲ. ವೈರಸ್ ಇರಬಹುದೇ? ಗೈಡಿನ ಕಡೆಯ ಯಾರಾದರೂ ಆಗದವರು? ತಮಗೆ ಆಗದವರು ಎಂದರೆ ಕಾಪಿ ಹೊಡೆದು ಸಿಕ್ಕಿಬಿದ್ದ ಹಳೆಯ ವಿದ್ಯಾರ್ಥಿಗಳು, ಪಾಪ ಅವರೆಲ್ಲ ಈಗ ಮೊಮ್ಮಕ್ಕಳ ಕಾಲಕ್ಕೆ ಬಂದಿದ್ದಾರೆ. ಗಡಿಯಾರ ಮಧ್ಯಾಹ್ನದ ಕಡೆಗೆ ಸರಿಯುತ್ತಿತ್ತು. ಸಿಟ್ಟಿನಲ್ಲಿ ಅವರು ಎದುರಿಗೆ ಕಂಡ ಬಿಗಿದ ಬೆರಳುಗಳ ಲೇಖನವನ್ನು ಹಿಡಿದು ಕಸದ ಬುಟ್ಟಿಗೆ ಎಸೆದರು.

"ಅಯ್ಯೋ, ಮತ್ತೆ ಹೋಯ್ತು!"

ಗೋಡೆಯಾಚೆಯ ಕೂಗು. ಸೊಸೆಯದು.

ಹೆಡ್‌ಮಿಸ್ ಗೋಡೆಯ ಕಡೆ ನೋಡಿದರು. ಗೋಡೆಯ ಮೇಲೆ ಹಳೆಯ ಶಾಲೆಯ ಬೀಳ್ಕೊಡುಗೆ ಫೋಟೋ ಬಿಟ್ಟರೆ ಬೇರೇನಿಲ್ಲ. ಪೆನ್ಸಿಲ್ಲೋ ಗಿನ್ಸಿಲ್ಲೋ ಬಿದ್ದಿರಬೇಕು. ಅವರು ಹೆಬ್ಬೆರಳ ಕೀಲನ್ನೂ ಎಸೆದರು.

"ಥೂ! ಇದೂನಾ?"

ಈಗ ಹೆಡ್‌ಮಿಸ್‌ಗೆ ತಲೆಯೊಳಗೆ ಏನೋ ಒಂದು ತಿರುಗಿತು, ಆದರೆ ಎಲ್ಲಿ ಹೋಗಿ ನಿಂತಿತೋ ತಿಳಿಯಲಿಲ್ಲ. ಮೆಲ್ಲಗೆ ಕಸದ ಬುಟ್ಟಿ ತೆರೆದು, ಹೆಬ್ಬೆರಳನ್ನು ಹಿಡಿದು, 'ಮರಳಿಸು' ಒತ್ತಿದರು. ಕಿವಿ ಗೋಡೆಗೆ ಹಚ್ಚಿದರು.

"ಹಾಂ? ಬಂತು!" ಗೋಡೆಯಾಚೆ ಕುರ್ಚಿ ಕಿರುಗುಟ್ಟಿತು. "ಏನಪ್ಪಾ ಇದು, ನಂಗೆ ಹುಚ್ಚು ಹಿಡೀತಿದೆಯಾ?"

ಅವರು ಮತ್ತೆ ಎಸೆದರು.

"ಹೋಯ್ತು!"

ಮರಳಿಸಿದರು. ಈ ಸಲ ಕೂಗು ಬರಲಿಲ್ಲ, ಮೂಗು ಎಳೆದುಕೊಳ್ಳುವ ಸದ್ದು ಬಂತು. ಅದು ನೆಗಡಿಯ ಮೂಗಲ್ಲ. ಅಷ್ಟು ವರ್ಷ ಕೊನೆಯ ಬೆಂಚಿನ ಅಳುವನ್ನು ಕರಿಹಲಗೆಯ ಕಡೆ ಮುಖ ಮಾಡಿಯೇ ಗುರುತಿಸಿದವರಿಗೆ ಅಷ್ಟು ಗೊತ್ತಾಗುವುದಿಲ್ಲವೇ?

ಅವರು ಎದ್ದು ಹೋಗಿ ಸೊಸೆಯ ಬಾಗಿಲು ತಟ್ಟಿದರು. ಸೊಸೆ ಮೇಜಿನ ಮುಂದೆ ಕರವಸ್ತ್ರ ಮುದ್ದೆ ಮಾಡಿಕೊಂಡು ಕೂತಿದ್ದಳು. ಅವಳ ಪರದೆಯ ಮೇಲೆ ಇದ್ದದ್ದು ಹೆಡ್‌ಮಿಸ್ ಪರದೆಯ ಮೇಲೆ ಇದ್ದದ್ದೇ, ಸಾಲಿಗೆ ಸಾಲು.

"ನೀನು ಯಾಕಮ್ಮಾ ನನ್ನ ಮಕ್ಕಳನ್ನ ಅಳಿಸ್ತಿದೀಯ?"

"ನಿಮ್ಮ ಮಕ್ಕಳು?" ಸೊಸೆ ಪರದೆ ನೋಡಿದಳು, ಅತ್ತೆಯನ್ನು ನೋಡಿದಳು. "ಈ ಪೆನ್ಸಿಲ್ ಹಿಡಿಯೋದು, ಓರೆ ಅಕ್ಷರ, ಇವೆಲ್ಲ ನಿಮ್ದಾ? ನಾನು ಡೇಟಾಬೇಸ್ ಕಸ ಕೊಡ್ತಿದೆ ಅಂದ್ಕೊಂಡೆ! ಕೈ ಅಂತ ಹುಡುಕ್ದೆ, ಅದಕ್ಕೇ ಕೈಬರಹಾನೂ ಬರ್ತಿದೆ ಅಂತ. ದಿನಾ ಸಂಜೆ ಕೂತು ಕ್ಲೀನ್ ಮಾಡ್ತಿದ್ದೆ ಅತ್ತೆ."

"ನಾನು ದಿನಾ ಬೆಳಿಗ್ಗೆ."

ಸೊಸೆ ಪರದೆಯ ಮೂಲೆಯಲ್ಲಿದ್ದ ಖಾತೆಯ ಹೆಸರಿನ ಮೇಲೆ ಬೆರಳಿಟ್ಟಳು. ಅಲ್ಲಿ ಇದ್ದದ್ದು ಮಗನ ಹೆಸರು. ಹೆಡ್‌ಮಿಸ್ ಕಂಪ್ಯೂಟರಿನಲ್ಲೂ ಅದೇ ಇತ್ತು. ಅವರು ಅದನ್ನು ಮಾಡಿಕೊಟ್ಟವನ ರುಜು ಎಂದುಕೊಂಡಿದ್ದರು.

"ಒಂದೇ ಖಾತೆ," ಎಂದಳು ಸೊಸೆ. "ಸಿನಿಮಾ ನೋಡೋದಕ್ಕೆ ಮನೆಗೆಲ್ಲ ಒಂದೇ ಹಾಕಿದಾರಲ್ಲ, ಹಾಗೇ ಇದಕ್ಕೂ ಹಾಕ್ಬಿಟ್ಟಿದಾರೆ. ಇಲ್ಲಿ ಹಾಕಿದ್ದು ಅಲ್ಲಿ ಬರುತ್ತೆ, ಅಲ್ಲಿ ತೆಗೆದದ್ದು ಇಲ್ಲಿ ಹೋಗುತ್ತೆ."

"ಅಂದ್ರೆ ಇಷ್ಟು ದಿನ ನಾನು ಹಾಕಿದ್ದನ್ನ ನೀನು ಗುಡಿಸಿದೆ, ನೀನು ಹಾಕಿದ್ದನ್ನ ನಾನು ಗುಡಿಸಿದೆ."

"ನಾನಂತೂ ಬುದ್ಧಿ ಭ್ರಮಣೆ ಆಗ್ತಿದೆ ಅಂತ ಡಾಕ್ಟರನ್ನ ಕೇಳೋಣ ಅಂತಿದ್ದೆ. ಪತ್ರಿಕೆಯವರು ನನ್ನ ಲೇಖನ ಎರಡು ಸಲ ವಾಪಸ್ ಕಳಿಸಿದ್ರು ಅತ್ತೆ, ಉಲ್ಲೇಖಾನೇ ಇಲ್ಲ ಅಂತ. ಇವತ್ತು ರಜೆ ಹಾಕಿದ್ದೂ ಅದಕ್ಕೇನೇ."

"ನೀನು ಲೇಖನ ಬರೀತಿದೀಯಾ? ನಂಗೆ ಹೇಳ್ಲೇ ಇಲ್ಲ?"

"ನೀವು ಕೇಳ್ಲೇ ಇಲ್ಲ."

ಮಾತಿನಲ್ಲಿ ಮುಳ್ಳಿರಲಿಲ್ಲ, ಆದರೂ ಚುಚ್ಚಿತು. "ಮಂಡಿ ಮೇಲಾ?" ಎಂದರು ಹೆಡ್‌ಮಿಸ್, ಬಹಳ ಸಣ್ಣ ದನಿಯಲ್ಲಿ.

"ಮಣಿಕಟ್ಟು. ನೀವು ಬಚ್ಚಲಲ್ಲಿ ಜಾರಿ ಬಿದ್ದು ಪ್ಲಾಸ್ಟರ್ ಹಾಕಿದ್ರಲ್ಲ, ತೆಗೆದ ಮೇಲೆ ಡಬ್ಬದ ಮುಚ್ಚಳ ತೆಗೆಯೋಕೆ ಎಷ್ಟು ಒದ್ದಾಡಿದ್ರಿ. ಅದನ್ನ ನೋಡಿ ಶುರುಮಾಡಿದ್ದು."

ಹೆಡ್‌ಮಿಸ್ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು, ಅದು ಬೇರೆ ಯಾರದ್ದೋ ಎಂಬ ಹಾಗೆ. ಆಮೇಲೆ ಗಡಿಯಾರ ನೋಡಿ ಬೆಚ್ಚಿದರು. "ಅಮ್ಮಾ ತಾಯಿ, ಅದೆಲ್ಲ ಆಮೇಲೆ! ಐದಕ್ಕೆ ಬಾಗಿಲು ಹಾಕ್ತಾರೆ. ನಂಗೆ ಏನೂ ಅರ್ಥ ಆಗ್ತಿಲ್ಲ, ಈಗ ಏನ್ ಮಾಡ್ಬೇಕು ಹೇಳು."

ಹೇಳಿಯೇಬಿಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ. ಸೊಸೆ ಪಕ್ಕಕ್ಕೆ ಸ್ಟೂಲ್ ಎಳೆದು ಕೊಟ್ಟಳು.

ಕಸದ ಬುಟ್ಟಿ ತೆರೆದರೆ ಅದೊಂದು ಸಂತೆ. ಮುರಿದ ಮೂಳೆಗಳು, ಬಳಪ ಹಿಡಿದ ಮಕ್ಕಳು, ಊದಿದ ಕೀಲುಗಳು, ಅಂಕುಡೊಂಕು ಅಕ್ಷರಗಳು, ಒಂದೊಂದು ಮತ್ತೆ ಮತ್ತೆ ಇಂಪೋರ್ಟ್ ಆಗಿ ಅವಳಿ ಜವಳಿಗಳ ಗುಂಪು. ಸೊಸೆ ಎಲ್ಲವನ್ನೂ ಒಟ್ಟಿಗೆ ಮರಳಿಸಿ, ಎರಡು ಕಪಾಟು ಮಾಡಿ, ಒಂದಕ್ಕೆ 'ಅತ್ತೆ' ಎಂದೂ ಇನ್ನೊಂದಕ್ಕೆ 'ನಾನು' ಎಂದೂ ಬರೆದಳು. ಹೆಡ್‌ಮಿಸ್ ಹಾಜರಿ ಕರೆಯುವ ದನಿಯಲ್ಲಿ ಶೀರ್ಷಿಕೆ ಓದುತ್ತ ಹೋದರು, ಸೊಸೆ ಎಳೆದು ಹಾಕುತ್ತ ಹೋದಳು.

"ಶಾಯಿ ಮೆತ್ತುವಿಕೆ."

"ನಿಮ್ದು."

"ಊತ ಇಳಿಸುವ ವಿಧಾನ."

"ನಂದು."

"ಎಡಗೈಯಲ್ಲಿ ಬರೆಯುವ ಮಕ್ಕಳ ಮಣಿಕಟ್ಟಿನ ಚಲನೆ."

"ನಂ... ತಡೀರಿ."

"ನಂದಲ್ವಾ? ಎಡಗೈ ಇದೆ."

"ಮಣಿಕಟ್ಟಿದೆಯಲ್ಲ ಅತ್ತೆ. ನಾನು ತಂದದ್ದೋ ನೀವು ತಂದದ್ದೋ?"

ಇಬ್ಬರಿಗೂ ನೆನಪಾಗಲಿಲ್ಲ. ಇಬ್ಬರೂ ಒಂದೊಂದು ಸಲ ಎಸೆದದ್ದಂತೂ ನಿಜ. "ಎರಡರಲ್ಲೂ ಹಾಕು, ಜಗಳ ಬೇಡ," ಎಂದು ಹೆಡ್‌ಮಿಸ್ ತೀರ್ಪು ಕೊಟ್ಟು ಮುಂದಿನದಕ್ಕೆ ಹೋದರು.

ತಮ್ಮ ಕೋಣೆಗೆ ಓಡಿಬಂದು ಪ್ರಬಂಧ ತೆರೆದಾಗ ಕೆಂಪು ಒಂದೊಂದೇ ಕಪ್ಪಾಯಿತು. ಕೊನೆಗೆ ಒಂದೇ ಒಂದು ಉಳಿಯಿತು, ಏನು ಮಾಡಿದರೂ ಹೋಗಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು, "ಅದನ್ನ ಕೈಯಲ್ಲೇ ಟೈಪ್ ಮಾಡ್ಬಿಡಿ ಅತ್ತೆ, ಹೊತ್ತಿಲ್ಲ," ಎಂದಳು. ಹೀಗೂ ಮಾಡಬಹುದು ಎಂದು ಹೆಡ್‌ಮಿಸ್‌ಗೆ ಹೊಳೆದೇ ಇರಲಿಲ್ಲ. ಟೈಪ್ ಮಾಡಿದರು. ಫೈಲ್ ಏರುತ್ತ, ನಿಲ್ಲುತ್ತ, ಮತ್ತೆ ಏರುತ್ತ ಹೋಯಿತು. ಇಬ್ಬರೂ ಲಿಫ್ಟಿಗೆ ಕಾಯುವವರ ಹಾಗೆ ಅದನ್ನೇ ನೋಡುತ್ತ ನಿಂತರು. 'ಸ್ವೀಕರಿಸಲಾಗಿದೆ' ಎಂದು ಬಂದಾಗ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಹೆಡ್‌ಮಿಸ್ ಕುರ್ಚಿಯಲ್ಲಿ ಕುಸಿದು ಕೂತು, ಸೊಸೆಯ ಕೈ ಹಿಡಿದುಕೊಂಡರು.

ಆಗ ಫೋನ್ ಬಡಿದುಕೊಂಡಿತು. "ಏನಮ್ಮಾ, ಇಷ್ಟೊಂದು ಸಲ ಕಾಲ್ ಮಾಡಿದೀಯ? ಈಗಷ್ಟೇ ಗುಂಡಿಯಿಂದ ಮೇಲೆ ಬಂದೆ. ಏನಾದ್ರೂ ತೊಂದ್ರೆನಾ?"

ಹೆಡ್‌ಮಿಸ್ ಸೊಸೆಯ ಮುಖ ನೋಡಿದರು. ಸೊಸೆ ನಗು ತಡೆಯಲು ಕರವಸ್ತ್ರ ಬಾಯಿಗೆ ಒತ್ತಿಕೊಂಡಳು.

"ಏನಿಲ್ಲಪ್ಪ. ನೀನು ಮನೆಗೆ ಬಾ."

"ಯಾಕಮ್ಮಾ ದನಿ ಹಂಗಿದೆ?"

"ಬಾ ಅಂದ್ನಲ್ಲ."

ಫೋನ್ ಕೆಳಗಿಟ್ಟು ಅವರು ಸೊಸೆಯ ಕೋಣೆಗೆ ಹೋಗಿ, ಅದೇ ಸ್ಟೂಲಿನ ಮೇಲೆ ಕೂತರು. "ಎಲ್ಲಿ, ನಿನ್ನ ಮಣಿಕಟ್ಟು ತೆಗಿ. ಮೊದಲಿಂದ ಓದು."

ಸೊಸೆ ಅನುಮಾನಿಸುತ್ತ ಓದಿದಳು. ಮೊದಲ ವಾಕ್ಯ ಉದ್ದವಿತ್ತು, ಮೂಳೆಗಳ ಹೆಸರುಗಳೇ ಒಂದು ಬಂಡಿ. ಹೆಡ್‌ಮಿಸ್ ತಲೆ ಆಡಿಸಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು.

"ತಡಿ, ತಡಿ. ನಂಗೊಂಚೂರೂ ಗೊತ್ತಾಗ್ಲಿಲ್ಲ," ಎಂದು ಬಲಗೈ ಮುಂದೆ ಚಾಚಿದರು. "ಇಲ್ಲಿ ಮುಟ್ಟಿ ತೋರ್ಸು."