ಮೀಸಲು ಹಾಲು

ಅಂಗೈ ಬಂದು ಡೊಳ್ಳಿನ ಮೇಲೆ ಬಿತ್ತು, ನನ್ನದಲ್ಲ, ಮುತ್ತಣ್ಣ ಮಾವನದು, ದಪ್ಪ ಬೆರಳು, ಬೆಳ್ಳಿ ಉಂಗುರ, ನಾದ ಅಲ್ಲೇ ಗಪ್ಪಾಯಿತು, ಉಳಿದ ಏಳು ಡೊಳ್ಳುಗಳೂ ಒಂದರ ಹಿಂದೆ ಒಂದು ನಿಂತವು, ಆ ಮೌನದಲ್ಲಿ, ಚಿಮ್ಮಡದ ಬೀರಪ್ಪನ ಗುಡಿಯ ಮುಂದೆ, ಕಟ್ಟೆಯ ಮೇಲೆ ಕೂತ ಹೆಂಗಸರಿಗೂ ಕೇಳಲಿ ಎನ್ನುವ ಹಾಗೆ ಮಾವ ಹೇಳಿದ, ಇಳಸಲೇ ಅದನ್ನ ಮಾಳ್ಯಾ, ಹೆಂಗಸರ ಗುಳಿಗಿ ನುಂಗಾಂವ ದೇವರ ಮುಂದ ಡೊಳ್ಳ ಹೊತ್ಕೊಂಡ ನಿಂದ್ರಬಾರದು, ಬಾ, ನಿನಗ ಬಳಿ ಇಡಸ್ತೇನಿ. ಯಾರೋ ನಕ್ಕರು. ಸಂಜು ನಕ್ಕ, ಮೊನ್ನೆ ಮೊನ್ನೆ ಕೋಲು ಹಿಡಿಯಲು ನಾನೇ ಕಲಿಸಿದ, ಇನ್ನೂ ಕೊರಳಿಗೆ ಡೊಳ್ಳು ಸಿಗದ ಸಂಜು, ಅವನ ತೋಳುಗಳನ್ನು ನೋಡು, ಈಗಷ್ಟೇ ನೀರು ಹಾಯಿಸಿದ ಕಬ್ಬಿನ ಹಾಗೆ ನಿಗುರಿವೆ — ಮತ್ತು ನನ್ನವು, ಹತ್ತು ನಿಮಿಷ, ಬರೇ ಹತ್ತು ನಿಮಿಷಕ್ಕೆ ಬಲಗೈ ಕೆಳಗೆ ಬಂದಿತ್ತು, ಕೋಲು ಚರ್ಮ ಬಿಟ್ಟು ಅಂಚಿನ ಕಟ್ಟಿಗೆಗೆ ಬಡಿಯುತ್ತಿತ್ತು, ನನಗೂ ಕೇಳುತ್ತಿತ್ತು, ನಾನೇನು ಕಿವುಡನಲ್ಲ. ಇವತ್ತಿನದು ತಾಲೀಮು, ಬರುವ ಅಮಾವಾಸ್ಯೆಗೆ ಪಲ್ಲಕ್ಕಿ ಚಿಕ್ಕಪಡಸಲಗಿಯ ಹೊಳೆಗೆ ಹೋಗುತ್ತದೆ, ಪಲ್ಲಕ್ಕಿಯ ಮುಂದಿನ ಮೊದಲ ಡೊಳ್ಳು ನಮ್ಮ ಮನೆಯದು, ಅಪ್ಪ ಇರುವತನಕ ಅಪ್ಪನದು, ಅವನು ಹೋದ ಮೇಲೆ ಒಂಬತ್ತು ವರ್ಷದಿಂದ ನನ್ನದು, ಹೊಳೆ ಮುಟ್ಟುವತನಕ ಅದನ್ನು ನೆಲಕ್ಕೆ ಇಳಿಸುವ ಹಾಗಿಲ್ಲ, ದಾರಿಯಲ್ಲಿ ಇಳಿಸಿದರೆ ಮುಂದಿನ ವರ್ಷ ಅದು ಬೇರೆ ಮನೆಯ ಕೊರಳಿಗೆ. ಮಾವನಿಗೆ ಭಯ ಇರುವುದು ಅದೇ, ತನ್ನ ಅಕ್ಕನ, ನಮ್ಮವ್ವನ, ಮನೆಯ ಮಾನ ನಡುದಾರಿಯಲ್ಲಿ ಹೋಗಬಾರದು ಎಂದು ಇಲ್ಲೇ, ಹತ್ತು ಜನರ ಮುಂದೆ, ತಾನೇ ಕಳೆಯುತ್ತಿದ್ದಾನೆ, ಭೇಷ್ ಮಾವಾ, ಶ್ಯಾಣ್ಯಾ ಇದ್ದಿ.

ನೋವು ಅಂದರೆ ಇವರಿಗೆ ಕಾಲು ಮುರಿದಿರಬೇಕು, ರಕ್ತ ಕಾಣಬೇಕು, ಪಟ್ಟಿ ಕಟ್ಟಿರಬೇಕು. ಇದು ಕಾಣುವುದಿಲ್ಲ. ತೊಡೆಯೊಳಗೆ ಹಸಿ ಮಣ್ಣು ತುಂಬಿ ಹೊಲಿದ ಹಾಗೆ, ಭುಜದಲ್ಲಿ ಯಾರೋ ಜೋತುಬಿದ್ದ ಹಾಗೆ, ಬೆಳಿಗ್ಗೆ ಎದ್ದರೆ ಮೀನಖಂಡ ಸೆಟೆದುಕೊಂಡು ಗೋಡೆ ಹಿಡಿಯುತ್ತೇನೆ, ಇಪ್ಪತ್ತಾರನೇ ವಯಸ್ಸಿಗೆ ಗೋಡೆ, ಬನಹಟ್ಟಿಯಲ್ಲಿ ಮಗ್ಗದ ಮುಂದೆ ಎಳೆ ಕಡಿದಾಗ ಬಗ್ಗುತ್ತೇನಲ್ಲ, ಬಗ್ಗಿದವನು ಏಳುವಷ್ಟರಲ್ಲಿ ಎರಡನೇ ಮಗ್ಗದಲ್ಲೂ ಎಳೆ ಕಡಿದಿರುತ್ತದೆ, ಮಾಲೀಕ ನೋಡುತ್ತಾನೆ, ಏನೂ ಅನ್ನುವುದಿಲ್ಲ, ಅನ್ನದೆ ನೋಡುವುದು ಅನ್ನುವುದಕ್ಕಿಂತ ಕೆಟ್ಟದ್ದು. ಊರೆಲ್ಲ ಡಾಕ್ಟರೇ. ಬೆಲ್ಲ ಬಿಡು ಅಂದ ಒಬ್ಬ, ಬೆಲ್ಲ ತಿನ್ನು ಅಂದ ಇನ್ನೊಬ್ಬ, ಮದುವೆಯಾಗು ಎಲ್ಲ ಸರಿಹೋಗುತ್ತದೆ ಅಂದ ಮೂರನೆಯವ, ಅವನಿಗೆ ಬಾರಿಸಬೇಕಿತ್ತು, ಕೈ ಎತ್ತಲು ಆಗಲಿಲ್ಲ, ಅದೂ ಒಂದು ನಗೆಪಾಟಲು. ಥೈರಾಯ್ಡ್ ಅಂತ, ಊರಲ್ಲಿ ಅದು ಹೆಂಗಸರಿಗಷ್ಟೇ ಬರುವ ಕಾಯಿಲೆ ಅನ್ನುತ್ತಾರೆ, ಕುತ್ತಿಗೆಯಲ್ಲಿ ಚಿಟ್ಟೆಯಷ್ಟು ಒಂದು ಗ್ರಂಥಿ ಇರುತ್ತದಂತೆ, ಅದು ಕೆಲಸಗಳ್ಳನಾಗಿದೆ, ನಾನಲ್ಲ, ಅದು, ಜಮಖಂಡಿಯ ಡಾಕ್ಟರು ಚೀಟಿಯ ಹಿಂದೆ ಗೀಚಿ ತೋರಿಸಿದರು, ನನಗೆ ಚಿಟ್ಟೆ ಕಾಣಲಿಲ್ಲ, ಕಿವಿ ಜೋತ ಕುರಿಮರಿ ಕಂಡಿತು, ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟು ಕುರಿ ಹಿಂದೆ ಹೋದವನಿಗೆ ಬೇರೇನು ಕಾಣುತ್ತದೆ. ರಕ್ತ ತೆಗೆದು ನೋಡಿದರೆ, ಐದರೊಳಗೆ ಇರಬೇಕಾದ ನಂಬರು ನನಗೆ ಅರವತ್ತೆಂಟು. ಗುಳಿಗೆ ಬರೆದರು, ಮೂರು ತಿಂಗಳು ಬಿಟ್ಟು ಮತ್ತೆ ರಕ್ತ, ಅರವತ್ತೊಂದು. ಗುಳಿಗೆ ಹೆಚ್ಚಿಸಿದರು, ಮತ್ತೆ ಮೂರು ತಿಂಗಳು, ಅರವತ್ತನಾಲ್ಕು. ಆರು ತಿಂಗಳು ನುಂಗಿದ್ದು ಗುಳಿಗೆಯೋ ಗೋಡೆಯ ಸುಣ್ಣವೋ, ನನ್ನ ಮೈ ನನಗೇ ಸುಳ್ಳು ಹೇಳುತ್ತಿದೆಯೋ ಅನಿಸಿಬಿಟ್ಟಿತ್ತು, ಮಾವ ಹೇಳುವುದೇ ಖರೆ ಇರಬಹುದೇ ಅಂತ ಕೂಡ.

ಶುಕ್ರವಾರದತನಕ. ಶುಕ್ರವಾರ ಡಾಕ್ಟರು ಎರಡನೇ ಸಲ ಗುಳಿಗೆ ಹೆಚ್ಚಿಸಲು ಪೆನ್ನು ಎತ್ತಿದರು, ಬರೆಯಲಿಲ್ಲ, ನನ್ನ ಮುಖ ನೋಡಿ ಕೇಳಿದರು, ಹೆಂಗ ತಗೋತಿ ಇದನ್ನ? ಮುಂಜಾನೆ ಖಾಲಿ ಹೊಟ್ಟೀಲೆರಿ, ನೀವು ಹೇಳಿದಂಗ. ಏನರ ಕೂಡ? ಹಾಲಿನ ಕೂಡರಿ. ಪೆನ್ನು ಮೇಜಿನ ಮೇಲೆ ಕೂತಿತು. ಹಾಲಿನ ಕೂಡ ತಗೊಂಡ್ರ ಹೊಟ್ಟಿ ಖಾಲಿ ಹೆಂಗ ಆತೋ? ನಾನು ಹೇಳಿದೆ, ಅದು ಕುಡಿಯೋ ಹಾಲಲ್ಲರಿ, ಮೀಸಲು. ಅವರಿಗೆ ತಿಳಿಯಲಿಲ್ಲ, ಹೇಗೆ ತಿಳಿಯಬೇಕು, ನಮ್ಮಲ್ಲಿ ನಸುಕಿನಲ್ಲಿ ಕುರಿ ಹಿಂಡಿದ ಮೊದಲ ಹಾಲು ಬೀರಪ್ಪನಿಗೆ, ಮನೆಯ ದೇವರ ಜಗಲಿಯ ಮೇಲೆ ಇಟ್ಟು ಕೈಮುಗಿದು ಮನೆಯಲ್ಲಿ ಕಾಯಿಲೆ ಇದ್ದವರಿಗೆ ಕುಡಿಸುತ್ತಾರೆ, ಉಪವಾಸದ ದಿನವೂ ಕುಡಿಯಬಹುದು, ಅದರಿಂದ ಉಪವಾಸ ಮುರಿಯುವುದಿಲ್ಲ, ಅದು ಊಟದ ಲೆಕ್ಕಕ್ಕೇ ಇಲ್ಲ, ಹಾಗಾಗಿ ಖಾಲಿ ಹೊಟ್ಟೆ ಅಂದಾಗ ಅವ್ವನೂ ನಾನೂ ಇಬ್ಬರೂ ಹೂಂ ಅಂದೆವು, ಮೀಸಲು ಹಾಲಿಗಿಂತ ಖಾಲಿ ಇನ್ನೇನು. ಅವ್ವ ಹರಕೆ ಹೊತ್ತಳು, ಮಗ ಏಳುವತನಕ ಗುಳಿಗೆ ದೇವರ ಹಾಲಿನಲ್ಲೇ. ಗುಳಿಗೆಯ ಹಾಳೆ ಭಂಡಾರದ ಡಬ್ಬಿಯಲ್ಲಿ, ಅರಿಶಿನದಲ್ಲಿ ಹೂತು, ಕಿರುಬೆರಳನ್ನು ಭಂಡಾರದಲ್ಲಿ ಅದ್ದಿ ಬಟ್ಟಲಿನ ಹಾಲನ್ನು ಮೂರು ಸುತ್ತು ತಿರುವುತ್ತಾಳೆ, ಹಳದಿ ಬೆರಳು, ಆಮೇಲೆ ನನ್ನ ಬಾಯಿ ನೋಡುತ್ತ ನಿಲ್ಲುತ್ತಾಳೆ, ಗಂಟಲು ಇಳಿದದ್ದು ಕಂಡ ಮೇಲೆಯೇ ಒಲೆಯ ಕಡೆ ಹೋಗುವುದು. ಹಾಲು ಗುಳಿಗೀನ ಮೈಗೆ ಹತ್ತಗೊಡೂದಿಲ್ಲ, ಅಂದರು ಡಾಕ್ಟರು, ಬರೇ ನೀರು, ತಾಸಿನತನಕ ಏನೂ ಬ್ಯಾಡ, ಹಾಲು ನಾಲ್ಕು ತಾಸು ಬಿಟ್ಟು, ಹೋಗು, ನಿಮ್ಮವ್ವಗ ಹೇಳು. ಹೇಳು. ಎಷ್ಟು ಸಸಾರ. ಚಳಿಯಲ್ಲಿ ಮೊಣಕಾಲೂರಿ ಕುರಿ ಹಿಂಡಿದವಳಿಗೆ, ಆರು ತಿಂಗಳು ಮಗಳ ಮನೆಯಲ್ಲಿ ಮೊಮ್ಮಗನಿಗೆ ಹೆಸರಿಟ್ಟ ದಿನವೂ ಹೋಗದೆ ಹರಕೆ ಕಾದವಳಿಗೆ, ಯವ್ವಾ, ನನ್ನ ಕೈ ಕಾಲು ಕಟ್ಟಿಹಾಕಿದ್ದು ನಿನ್ನ ಹಾಲು, ಅಂತ ಹೇಳು. ಹೇಳಲಿಲ್ಲ. ನಿನ್ನೆ ಗುಳಿಗೆಯನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು ಹಾಲು ಕುಡಿದೆ, ಆಮೇಲೆ ಉಗುಳಿ ಬಚ್ಚಿಟ್ಟು ಮಧ್ಯಾಹ್ನ ನೀರಿನಲ್ಲಿ ನುಂಗೋಣ ಅಂತ, ಅದು ಅಲ್ಲೇ ಕರಗಿಹೋಯಿತು, ಇವತ್ತೂ ಅದೇ, ಅಷ್ಟು ಸಣ್ಣ ಗುಳಿಗೆ, ಕಳ್ಳತನಕ್ಕೂ ಒಗ್ಗದ ಗುಳಿಗೆ, ಮುಂಜಾನೆಯಿಂದ ಅದರ ಮೇಲೂ ಸಿಟ್ಟು.

ಮತ್ತೆ ಈಗ ಮಾವನ ಕೈ ಡೊಳ್ಳಿನ ಮೇಲೆಯೇ ಇದೆ, ನನ್ನ ನಾಲಿಗೆಯ ಮೇಲೆ ಉತ್ತರ ಇದೆ, ಒಂದೇ ಮಾತು, ಇವರೆಲ್ಲರ ನಗು ಹೊಸಕಿ ಬಿಸಾಕುವಂಥ ಮಾತು, ನಾನು ಮೈಗಳ್ಳ ಅಲ್ಲೋ, ಆರು ತಿಂಗಳು ನನ್ನ ಮೈಗೆ ಔಷಧವೇ ಹತ್ತಿಲ್ಲ, ಡಾಕ್ಟರನ್ನು ಕೇಳಿ ಬಾ — ಅಷ್ಟರಲ್ಲಿ ಕಟ್ಟೆಯ ಮೇಲೆ ಬಳೆ ಸದ್ದು, ಅವ್ವ ಎದ್ದಿದ್ದಾಳೆ, ಹೆಂಗಸರ ನಡುವಿನಿಂದ, ಸೆರಗು ನಡುವಿಗೆ ಸಿಗಿಸಿಕೊಂಡು. ಮುತ್ತಣ್ಣಾ, ನಾಲಿಗಿ ಹಿಡದ ಮಾತಾಡು, ನನ್ನ ಮಗಾ ಆರು ತಿಂಗಳಿಂದ ಬೀರಪ್ಪನ ಹಾಲಿನಾಗ ಗುಳಿಗಿ ನುಂಗ್ಯಾನ, ಒಂದ ದಿನಾ ತಪ್ಪಿಸಿಲ್ಲ ನಾ. ಎಷ್ಟು ಹೆಮ್ಮೆ ಆ ದನಿಯಲ್ಲಿ. ಹೆಂಗಸರು ಹೌದವ್ವ ಹೌದು ಅಂದರು. ಮಾವ ಅಂಗೈ ತೆಗೆದ, ನಗಲಿಲ್ಲ, ಅದು ಇನ್ನೂ ಕೆಟ್ಟದ್ದು, ಮೆಲ್ಲಗೆ ಹೇಳಿದ, ನಾನೂ ಅದನ್ನ ಹೇಳಾಕತ್ತೇನಿ ಯಕ್ಕಾ, ದೇವರ ಹಾಲು ಕುಡದೂ ಏಳಾಂಗಿಲ್ಲ ಅಂದ್ರ ಅದು ಬ್ಯಾನಿ ಅಲ್ಲ. ನನ್ನ ಕಡೆ ತಿರುಗಿದ. ಹೇಳಲೇ, ನಿನ್ನ ಬಾಯಿಲೇನ ಹೇಳು, ಹಾಲು ತಪ್ಪೇತೇನು?

ತಪ್ಪಿಲ್ಲ. ತಪ್ಪಿದ್ದರೆ ನಾನು ಇವತ್ತು ಹೊಳೆಯತನಕ ಓಡುತ್ತಿದ್ದೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ, ಅವ್ವ ಕೂಡ, ಮುಂಜಾನೆ ನೋಡುವ ಹಾಗೆಯೇ, ಗಂಟಲು ಇಳಿಯುವುದನ್ನು ಕಾಯುತ್ತ, ಹೇಳಪ್ಪಾ ಎನ್ನುವ ಕಣ್ಣು, ಮತ್ತು ನಾನು ನುಂಗಿದೆ. ಡೊಳ್ಳಿನ ಹಗ್ಗವನ್ನು ತಲೆಯ ಮೇಲಿಂದ ಎತ್ತಿದೆ, ಭುಜ ಕಿತ್ತು ಬಂದಂತಾಯಿತು, ನೆಲಕ್ಕೆ ಇಡಲಿಲ್ಲ, ಸಂಜುವಿನ ಕೊರಳಿಗೆ ಹಾಕಿದೆ, ಅವನ ನಗು ನಿಂತಿತ್ತು, ಬ್ಯಾಡೋ ಮಾಳಣ್ಣಾ ಅಂದ, ಕೋಲನ್ನು ಅವನ ಮುಷ್ಟಿಯಲ್ಲಿ ತುರುಕಿ ನಡೆದೆ. ಬಿಟ್ಟಿ ಏನ್ ಹಂಗಾರ, ಅಂತ ಹಿಂದಿನಿಂದ ಮಾವ, ಅವನ ದನಿಯೂ ಈಗ ಸ್ವಲ್ಪ ಒಡೆದಿತ್ತು, ನಾನು ತಿರುಗಲಿಲ್ಲ, ಗುಡಿಯ ಮೂರು ಮೆಟ್ಟಿಲು, ಎಡಗಾಲು, ಗೋಡೆ ಇಲ್ಲ ಹಿಡಿಯಲು, ಬಲಗಾಲು, ನಾಳೆ ನಸುಕಿನಲ್ಲಿ ನಾನೇ ಅವಳಿಗಿಂತ ಮೊದಲು ಎದ್ದು ಡಬ್ಬಿ ತೆರೆದರೆ, ತೆರೆದು ನೀರಿನಲ್ಲಿ ನುಂಗಿ ಮಲಗಿದರೆ, ಮತ್ತೆ ಏನೂ ತಿಳಿಯದವನಂತೆ ಎದ್ದರೆ, ಆದರೆ ಹಾಳೆಯಲ್ಲಿ ಒಂದು ಗುಳಿಗೆ ಕಡಿಮೆ, ಅವಳಿಗೆ ಗೊತ್ತಾಗುತ್ತದೆ, ಗೊತ್ತಾದರೆ ಕೇಳುತ್ತಾಳೆ, ಕೇಳಿದರೆ — ಮತ್ತು ನಾಳೆಯೂ ಅವ್ವನ ಆ ಬೆರಳು, ಹಳದಿ, ಬಟ್ಟಲಿನಲ್ಲಿ, ಒಂದು ಸುತ್ತು, ಎರಡು —