ತಟ್ಟೆಯಲ್ಲಿ ಇಳಿದ ಹುಳಿ

ಹಳಿಯಾಳದ ಬಸ್ಸಿನಲ್ಲಿ ಕುಳಿತ ರಾಜಶ್ರೀಗೆ ತನ್ನ ನಾಲಿಗೆಯನ್ನೇ ಕಿತ್ತು ಕಿಟಕಿಯಾಚೆ ಎಸೆಯಬೇಕು ಅನ್ನಿಸುತ್ತಿತ್ತು. ಚಿಗವ್ವನಿಗೆ ಆ ಮಾತು ಹೇಳು ಅಂತ ಯಾರು ಕೇಳಿದ್ದರು ಇವಳನ್ನು?

ಚಿಗವ್ವ ಅಂದರೆ ಚಿಕ್ಕಮ್ಮ ಕಾಶೆವ್ವ, ತಾಯಿ ಸತ್ತ ಮೇಲೆ ಇವಳನ್ನು ಸಾಕಿದವಳು. ಹೋದ ವರ್ಷ ಅವಳ ಗಲ್ಲದೊಳಗೆ ಕ್ಯಾನ್ಸರ್ ಗಂಟು ಎದ್ದಿತು. ಆಸ್ಪತ್ರೆಯವರು ತೆಗೆದ ಚೂರಿನಲ್ಲಿ ಒಂದಿಷ್ಟು, ಅವಳ ಒಪ್ಪಿಗೆಯಿಂದಲೇ, ರಾಜಶ್ರೀ ಸಂಶೋಧನೆ ಮಾಡುವ ಧಾರವಾಡದ ಪ್ರಯೋಗಾಲಯಕ್ಕೆ ಬಂತು. ಆ ಜೀವಕೋಶಗಳನ್ನು ಬೆಳೆಸಿ, ಔಷಧ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಇವಳ ಕೆಲಸ. ಕ್ಯಾನ್ಸರ್ ಕೋಶಗಳು ಸುತ್ತಲಿನ ದ್ರವವನ್ನು ಹುಳಿ ಮಾಡುತ್ತವೆ. ಔಷಧ ನಾಟಿದರೆ ಹುಳಿ ಇಳಿಯುತ್ತದೆ. ಅದನ್ನು ಅಳೆಯಲು ಕೋಶ ಬೆಳೆಸುವ ತಟ್ಟೆಯಲ್ಲೊಂದು ಪಿಎಚ್ ಸೆನ್ಸರ್.

ಕಾಶೆವ್ವನಿಗೆ ಮಾತ್ರ ಅದು ತನ್ನದೇ ಮೈ. ಪೂಜೆಯ ವಿಭೂತಿ ಕಳಿಸಿ, ಕೋಶ ಇಡುವ ಪೆಟ್ಟಿಗೆಯ ಬಾಗಿಲಿಗೆ ಹಚ್ಚಿಸಿದ್ದಳು. ದಿನಾ ಫೋನ್.

"ರಾಜಿ, ಅಲ್ಲಿ ನಾ ಹೆಂಗ ಅದೇನಿ?"

"ಆರಾಮ ಅದಿ ಚಿಗವ್ವಾ, ಹೊಟ್ಟಿ ತುಂಬ ಉಣ್ಣಾಕತ್ತಿ."

ಅವತ್ತು ಔಷಧ ಹಾಕಿದ ತಟ್ಟೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಾಗಲೇ ಫೋನ್ ಬಂತು. ಕ್ಯಾನ್ಸರ್ ಔಷಧದ ಸಲೈನ್ ಹಚ್ಚಿಸಿಕೊಂಡು ಬಂದರೆ ಬರೀ ವಾಂತಿ, ಸಾಕಾಗಿದೆ ಎಂದು ಚಿಗವ್ವ ಅತ್ತಳು. ಸಮಾಧಾನ ಮಾಡುತ್ತ ರಾಜಶ್ರೀ ವರಾಂಡದಲ್ಲೇ ನಿಂತುಬಿಟ್ಟಳು. ಒಳಗೆ ಬಂದು ಸೆನ್ಸರ್ ನೋಡಿದರೆ, ಹುಳಿ ಇಳಿದಿದೆ! ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುವಷ್ಟೂ ತಡೆದುಕೊಳ್ಳದೆ ತಿರುಗಿ ಫೋನ್ ಹಚ್ಚಿದಳು.

"ಚಿಗವ್ವಾ, ಸಾಯಾಕತ್ತಾವು ಅವು!"

ಪೆಟ್ಟಿಗೆಯೊಳಗೆ ಬಿಡುವ ಕಾರ್ಬನ್ ಡೈಆಕ್ಸೈಡ್ ತಟ್ಟೆಯ ದ್ರವದಲ್ಲಿ ಕರಗಿ ಒಂದಿಷ್ಟು ಹುಳಿ ಕೊಡುತ್ತದೆ. ತಟ್ಟೆ ಹೊರಗೆ ಉಳಿದರೆ ಆ ಅನಿಲ ಹಾರಿಹೋಗಿ ಹುಳಿ ತಾನಾಗಿಯೇ ಇಳಿಯುತ್ತದೆ ಅಂತ ಹೊಸಬರಿಗೆ ಪಾಠ ಹೇಳುವವಳೇ ಈ ಮಹಾತಾಯಿ! ಮರುದಿನ ಸೂಕ್ಷ್ಮದರ್ಶಕದಲ್ಲಿ ಕೋಶಗಳು ಗಟ್ಟಿಮುಟ್ಟಾಗಿ ಹರಡಿಕೊಂಡಿದ್ದವು. ಆಗಲೇ ಹೇಳಬೇಕಿತ್ತು. ಪಾಪ, ನಗುತ್ತಿದ್ದಾಳೆ, ನಾಳೆ ಹೇಳಿದರಾಯಿತು ಅಂತ ತಿಂಗಳುಗಟ್ಟಲೆ ದೂಡಿದಳು. ಕಾಶೆವ್ವ ಸಲೈನಿಗೆ ಹೋಗುವುದನ್ನೇ ಬಿಟ್ಟಿದ್ದಾಳೆಂದು ನಿನ್ನೆ ಆಸ್ಪತ್ರೆಯವರು ಫೋನ್ ಮಾಡಿದಾಗಲೇ ತಿಳಿದದ್ದು.

ಬಸ್ಸಿಳಿದು ಮನೆ ಮುಟ್ಟಿದಾಗ ಬಾಗಿಲಲ್ಲಿ ನಿಂತಿದ್ದ ಕಾಶೆವ್ವನ ಗಲ್ಲ ಮತ್ತೆ ಉಬ್ಬಿತ್ತು.

"ದವಾಖಾನಿ ಯಾಕ ಬಿಟ್ಟಿ ಚಿಗವ್ವಾ?"

"ಅಲ್ಲೇ ಸತ್ತಾವಂತ ನೀನ ಹೇಳಿದೆಲ್ಲ. ಮತ್ಯಾಕ ಮೈ ಸುಟ್ಕೋಬೇಕು?"

ರಾಜಶ್ರೀ ಕಾಲು ಹಿಡಿದು ಅಳುತ್ತ ಎಲ್ಲ ಹೇಳಿದಳು. ಫೋನ್ ಬಂದದ್ದು, ತಟ್ಟೆ ಹೊರಗುಳಿದದ್ದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು.

ಕಾಶೆವ್ವ ಹೊಸ್ತಿಲ ಮೇಲೆ ಕುಳಿತಳು. "ಅಂದ್ರ, ನಾ ಫೋನ್ ಮಾಡಿದ್ದಕ್ಕ ನಿನ್ನ ಕೆಲಸ ಕೆಟ್ಟಿತೇನು?"

"ಅಲ್ಲ ಚಿಗವ್ವಾ, ತಪ್ಪು ನಂದು!"

"ಬಿಡವಾ, ನನಗರ ಹೊತ್ತುಗೊತ್ತು ತಿಳೀಬೇಕಿತ್ತು." ಎದ್ದು ಚೀಲಕ್ಕೆ ಸೀರೆ ತುಂಬಿದಳು. "ನಡಿ, ದವಾಖಾನಿಗೆ ಹೋಗೂಣು."

ಗಂಟು ಕುತ್ತಿಗೆಗೆ ಇಳಿದಿತ್ತು. ಮೊದಲೇ ಬರಬೇಕಿತ್ತು ಎಂದು ಡಾಕ್ಟರು ರಾಜಶ್ರೀಯೊಬ್ಬಳಿಗೇ ಹೇಳಿದರು.

ಈಗ ಮತ್ತೆ ಸಲೈನ್ ನಡೆದಿದೆ. ತಟ್ಟೆ ಹೊರಗೆ ತೆಗೆಯುವಾಗೆಲ್ಲ ರಾಜಶ್ರೀ ಫೋನನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಾಳೆ. ಆದರೆ ಕಾಶೆವ್ವ ಅವಳ ಕೆಲಸದ ಹೊತ್ತಿನಲ್ಲಿ ಮತ್ತೆಂದೂ ಫೋನ್ ಮಾಡಲಿಲ್ಲ.